ಫ್ಯಾಂಟಮ್ ಪೇನ್‌ಗೆ 10ಕ್ಕೆ 10 ಕೊಟ್ಟವರು ಎರಡನೇ ಅಧ್ಯಾಯ ಆಡಿದ್ರಾ? — ಸ್ಪಾಯ್ಲರ್ ತುಂಬಾ ಇದೆ, ಹುಷಾರು

ಬೆಣ್ಣೆಖಾಲಿ · ದಾವಣಗೆರೆ

ನಮ್ಮ ಚಿಕ್ಕಪ್ಪನ ಮಗ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ತು ಅಂತ ‘ಮೆಟಲ್ ಗೇರ್ ಸಾಲಿಡ್ 5: ದಿ ಫ್ಯಾಂಟಮ್ ಪೇನ್’ ತಗೊಂಡಿದಾನೆ. ತಗೊಂಡ ಮೇಲೆ ವಿಮರ್ಶೆ ಓದೋಕೆ ಕೂತು ತಲೆ ಕೆಡಿಸ್ಕೊಂಡಿದಾನೆ. ಪತ್ರಿಕೆ, ವೆಬ್‌ಸೈಟ್‌ನವರದ್ದೆಲ್ಲ 9, 10. ಆಡಿದ ಜನ ಬರೆದಿರೋದು ನೋಡಿದ್ರೆ ಅರ್ಧಂಬರ್ಧ ಗೇಮು, ಮೋಸ, ದುಡ್ಡು ದಂಡ. ಯಾರನ್ನ ನಂಬ್ಲಿ ಅಣ್ಣ ಅಂದ. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ, ಇಲ್ಲಿ ಹಾಕ್ತಿದೀನಿ.

ಮೊದಲು ಲೆಕ್ಕ. 2015ರ ಸೆಪ್ಟೆಂಬರ್ 1ಕ್ಕೆ ಬಂತು. ಎಲ್ಲರ ಅಂಕದ ಸರಾಸರಿ ಹಾಕೋ ಮೆಟಾಕ್ರಿಟಿಕ್ ಸೈಟ್‌ನಲ್ಲಿ ಪಿಎಸ್4ಗೆ 93, ಎಕ್ಸ್‌ಬಾಕ್ಸ್ ಒನ್‌ಗೆ 95, ಪಿಸಿಗೆ 91. ಐಜಿಎನ್, ಗೇಮ್‌ಸ್ಪಾಟ್ ಎರಡೂ 10ಕ್ಕೆ 10. ಜಪಾನಿನ ಫಾಮಿತ್ಸು 40ಕ್ಕೆ 40. ಇದಕ್ಕಿಂತ ಹೆಚ್ಚಿಗೆ ಹೊಗಳಿ ಅಟ್ಟಕ್ಕೇರಿಸೋಕೆ ಆಗಲ್ಲ.

ಈಗ ನನ್ನ ತಕರಾರು. ಈ ಅಂಕಗಳಲ್ಲಿ ಕೆಲವು ‘ಬೂಟ್ ಕ್ಯಾಂಪ್’ನಲ್ಲಿ ಹುಟ್ಟಿದ್ದು. ಗೇಮ್ ಹೊರತಂದ ಕೊನಾಮಿ ಕಂಪನಿ ವಿಮರ್ಶಕರನ್ನ ಒಂದು ಕಡೆ ಕೂರಿಸಿ, ದಿನಕ್ಕೆ ಇಷ್ಟು ಗಂಟೆ ಅಂತ ಕೆಲವೇ ದಿನ ಆಡಿಸ್ತು. ಬಿಡುಗಡೆಗೆ ವಾರ ಮುಂಚೆಯೇ ವಿಮರ್ಶೆಗಳು ಹೊರಗೆ ಬಂದ್ವು. ಇದು ಅವಸರದಲ್ಲಿ ಆಡೋ ಗೇಮಾ ಹೇಳಿ? ಗುಡ್ಡದ ಮೇಲೆ ಹೊಟ್ಟೆ ಮೇಲೆ ಮಲಗಿ, ಕಾವಲುಗಾರ ಯಾವಾಗ ಬೀಡಿ ಸೇದೋಕೆ ಆ ಕಡೆ ಹೋಗ್ತಾನೆ ಅಂತ ಕಾಯೋ ಗೇಮು. ಮೊದಲ ಅಧ್ಯಾಯ 31ನೇ ಮಿಷನ್‌ಗೆ ಮುಗಿಯುತ್ತೆ, ಅಷ್ಟೊತ್ತಿಗೆ ಹೊಟ್ಟೆ ತುಂಬಿರುತ್ತೆ, ಮನಸ್ಸೂ ತುಂಬಿರುತ್ತೆ. ಎರಡನೇ ಅಧ್ಯಾಯದ ಹಣೆಬರಹ ಗೊತ್ತಾಗೋದು ಅದಾದ ಮೇಲೆ, ನಿಧಾನಕ್ಕೆ.

ನನ್ನ ಲೆಕ್ಕದಲ್ಲಿ ನುಗ್ಗೋದು, ಬಚ್ಚಿಟ್ಕೊಳ್ಳೋದು, ತಪ್ಪಿಸ್ಕೊಳ್ಳೋದು ಇದಕ್ಕೆ 10 ಕೊಟ್ಟಿದ್ದು ಅವತ್ತೂ ಸರಿ, ಇವತ್ತೂ ಸರಿ. ಆದ್ರೆ ಅದು ಪೂರ್ತಿ ಗೇಮಿಗೆ ಬಿದ್ದ ಅಂಕ ಅಲ್ಲ. ನೀವೇನಂತೀರಿ?

ಕೋಟೆಕಿಂಡಿ · ಚಿತ್ರದುರ್ಗ

ಬೂಟ್ ಕ್ಯಾಂಪೋ ಚಪ್ಪಲಿ ಕ್ಯಾಂಪೋ, ಅವರು ಹೇಳಿದ್ದು ಸುಳ್ಳಲ್ಲವಲ್ಲ ಅಣ್ಣ. ಹತ್ತು ವರ್ಷ ಆತು. ಇದರಂಗೆ ನುಗ್ಗೋಕೆ ಬಿಡೋ ಗೇಮ್ ಇನ್ನೊಂದು ತೋರ್ಸು ನೋಡಾನ.

ಅಫ್ಘಾನಿಸ್ತಾನದ ಒಂದು ಸೋವಿಯತ್ ಠಾಣ್ಯ ತಗಾ. ಗುಡ್ಡದ ಮೇಲಿಂದ ಬೈನಾಕ್ಯುಲರ್‌ನಲ್ಲಿ ಒಬ್ಬೊಬ್ಬರಿಗೇ ಗುರುತು ಹಾಕ್ತೀನಿ. ಸಿಗಾರ್ ಹಚ್ಚಿ ಹೊತ್ತು ಓಡಿಸಿ ರಾತ್ರಿ ಮಾಡ್ಕಂತೀನಿ. ಮೊದಲು ರೇಡಿಯೋ ಡಬ್ಬ ಒಡೆದ್ರೆ ಮೇಲಿನವರಿಗೆ ಸುದ್ದಿ ಹೋಗಂಗಿಲ್ಲ. ಆಮೇಲೆ ಕರೆಂಟ್ ತೆಗೀತೀನಿ. ಏನಾತು ಅಂತ ನೋಡೋಕೆ ಒಬ್ಬ ಟಾರ್ಚ್ ಬಿಟ್ಕಂಡು ಬರ್ತಾನೆ. ಹಿಂದಿನಿಂದ ಕುತ್ತಿಗೆ ಹಿಡಿದು, ಬಾಯಿ ಬಿಡಿಸಿ, ಪ್ರಜ್ಞೆ ತಪ್ಪಿಸಿ, ಸೊಂಟಕ್ಕೆ ಬಲೂನ್ ಕಟ್ಟಿದ್ರೆ ಉಂಯ್ ಅಂತ ಆಕಾಶಕ್ಕೆ ಹೋಗ್ತಾನೆ. ಮಾರನೇ ದಿನ ನಮ್ಮ ಬೇಸ್‌ನಲ್ಲಿ ನಮಗೇ ಸಲಾಮ್ ಹೊಡೀತಾನೆ. ಇದ್ರಲ್ಲಿ ಒಂದನ್ನೂ ಗೇಮು ಇಂಗೇ ಮಾಡು ಅಂತ ಹೇಳ್ಲಿಲ್ಲ. ಲಾರಿ ಹಿಂದೆ ಹತ್ತಿ ಕುಂತು ಸೀದಾ ಗೇಟ್ ಒಳಗೆ ಹೋಗಬೋದಿತ್ತು, ಹೋಗಲಿಲ್ಲ ಅಷ್ಟೆ.

ಇನ್ನೊಂದು. ಎಲ್ಲರ ತಲೆಗೇ ಗುರಿ ಇಟ್ಟು ಹೊಡೀತಾ ಹೋದ್ರೆ ಮುಂದೆ ಹೆಲ್ಮೆಟ್ ಹಾಕ್ಕಂಡಿರ್ತಾರೆ. ದಿನಾ ರಾತ್ರೀನೇ ನುಗ್ಗಿದ್ರೆ ನೈಟ್ ವಿಷನ್ ತಂದಿರ್ತಾರೆ. ಅವರ ಹೆಲ್ಮೆಟ್ ಸರಬರಾಜು ತಪ್ಪಿಸೋಕೆ ನಾವು ನಮ್ಮ ಹುಡುಗರನ್ನ ಕಳಿಸಬೇಕು. ದುರ್ಗದವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಹೈದರಾಲಿ ಸೈನಿಕರು ಒಂದೇ ಕಿಂಡೀಲಿ ಒಬ್ಬೊಬ್ಬರೇ ತೂರಿದ್ರು, ಓಬವ್ವ ಒನಕೆ ಹಿಡ್ಕಂಡು ನಿಂತಿದ್ಲು. ಮಾಮೂಲಿ ಸ್ಟೆಲ್ತ್ ಗೇಮ್‌ನಲ್ಲಿ, ಅಂದ್ರೆ ಕದ್ದು ನುಗ್ಗೋ ಗೇಮ್‌ನಲ್ಲಿ, ನಾವೇ ಓಬವ್ವ, ಎದುರಿಗಿರೋ ಪೆದ್ದರು ಬರ್ತಾನೇ ಇರ್ತಾರೆ, ನಾವು ಕುಟ್ತಾನೇ ಇರ್ತೀವಿ. ಇದ್ರಲ್ಲಿ ಕಿಂಡೀಲಿ ತೂರೋರು ನಾವು. ಒಳಗಿರೋರು ಒನಕೆ ಹುಡುಕ್ತಿರ್ತಾರೆ.

10 ಕೊಡದೆ ಇನ್ನೇನು ಕೊಡ್ತೀಯ?

ಮೆಕ್ಯಾನಿಕಲ್‌ಬ್ಯಾಕ್‌ಲಾಗ್ · ಹರಿಹರ

ಕಿಂಡಿ ಅಣ್ಣ, ಡೈಲಾಗ್ ಭಾರೀ ಐತಿ. ಆದ್ರ ಎರಡು ಠಾಣ್ಯದ ನಡುವೆ ಏನೈತಿ ಹೇಳು? ಕಲ್ಲು, ಗುಡ್ಡ, ಮಣ್ಣು, ಮತ್ತೊಂದು ಗುಡ್ಡ. ಊರಿಲ್ಲ, ಸಂತಿ ಇಲ್ಲ, ಕುರಿ ಅದಾವು ಕುರುಬ ಇಲ್ಲ. ಅದೇ ವರ್ಷ ಮೇ ತಿಂಗಳಾಗ ‘ವಿಚರ್ 3’ ಬಂದಿತ್ತು. ಅದರಾಗ ಮೂರು ಮನಿ ಇರೋ ಹಳ್ಳಿಗೆ ಹೋದ್ರೂ ಒಂದು ಕಥಿ ಸಿಗ್ತಿತ್ತು. ಇಲ್ಲಿ ಗುಡ್ಡ ಹತ್ತಾಕ ಬಿಡಲ್ಲ, ಸುತ್ತಿ ರಸ್ತಿಗೇ ಬರಬೇಕು, ರಸ್ತಿಯಾಗ ಮತ್ತದೇ ಚೆಕ್‌ಪೋಸ್ಟು. ಒಂದು ಮಿಷನ್ ಮುಗಿಸಿ ಮುಂದಿಂದು ತಗೋಬೇಕಂದ್ರ ಹೆಲಿಕಾಪ್ಟರ್ ಕರಿ, ಹತ್ತು, ಲೋಡಿಂಗ್ ನೋಡು, ಇಳಿ, ಮತ್ತ ಲೋಡಿಂಗ್. ಪ್ರತಿ ಮಿಷನ್‌ಗೂ ಸಿನಿಮಾದಂಗ ಹೆಸರು ತೋರಿಸ್ತಾನ. ಇವತ್ತು ಯಾರು ಎದುರಿಗೆ ಬರ್ತಾರ ಅಂತ ಮೊದಲೇ ಹೆಸರು ಹಾಕಿದ್ರ ಸಸ್ಪೆನ್ಸ್ ಎಲ್ಲಿಂದ ಬರಬೇಕು?

ಎಲ್ಲಿ ಬೇಕಾದ್ರೂ ತಿರುಗಾಡೋ ಓಪನ್ ವರ್ಲ್ಡ್ ಅಂತ ಬೋರ್ಡ್ ಹಾಕ್ಯಾರ ಅಂತ ಅಂಕ ಕೊಟ್ಟಾರ ಅನ್ನಿಸ್ತದ ನನಗ.

ಕೋಟೆಕಿಂಡಿ · ಚಿತ್ರದುರ್ಗ

ಬ್ಯಾಕ್‌ಲಾಗು, ಖಾಲಿ ಜಾಗ ಇರೋದು ಯಾವ ದಿಕ್ಕಿನಿಂದ ನುಗ್ಗಬೇಕು ಅಂತ ನೀನು ಆರಿಸ್ಕಳ್ಳೋಕೆ ಕಣಲೇ. ಸಂತೆ ಮಾಡೋಕಲ್ಲ. ಹೆಲಿಕಾಪ್ಟರ್ ಬೇಡ ಅಂದ್ರೆ ಠಾಣ್ಯದಲ್ಲಿರೋ ಸರಕು ಚೀಟಿ ಕಿತ್ಕಂಡು ರಟ್ಟಿನ ಡಬ್ಬದೊಳಗೆ ಕುಂತ್ಕ, ಸೋವಿಯತ್‌ನವರೇ ನಿನ್ನನ್ನ ಪಾರ್ಸೆಲ್ ಮಾಡಿ ಇನ್ನೊಂದು ಠಾಣ್ಯಕ್ಕೆ ಕಳಿಸ್ತಾರೆ. ಕುದುರೆಗೆ ರಸ್ತೆ ಮೇಲೆ ಲದ್ದಿ ಹಾಕು ಅಂತ ಹೇಳೋಕೇ ಒಂದು ಬಟನ್ ಐತೆ, ಅದರ ಮೇಲೆ ಜೀಪ್ ಬಂದ್ರೆ ಜಾರುತ್ತೆ. ಇದನ್ನ ಮಾಡಿದವನಿಗೆ ಊರು ಕಟ್ಟೋಕೆ ಬರಲ್ಲ ಅಂದ್ಕಂಡೆಯಾ?

ಹೆಸರು ಮೊದಲೇ ಹಾಕೋ ವಿಷಯ ಮಾತ್ರ ಒಪ್ಪಿದೆ. ಅದು ತಲೆನೋವೇ.

ಹಳೇಸೈಬರ್ · ದಾವಣಗೆರೆ

ಹುಡುಗರು ಗೇಮ್ ಒಳಗಿನದ್ದನ್ನೇ ಹಿಡ್ಕೊಂಡು ಜಗ್ತಿದೀರಿ. ಹೊರಗೆ ಆಗಿದ್ದನ್ನ ಬಿಟ್ಟು ಈ ವಿಮರ್ಶೆಗಳನ್ನ ಓದಿದ್ರೆ ಅರ್ಧ ಮಾತ್ರ ಗೊತ್ತಾಗೋದು. ನಾನು ಆಗ ಪಿಸಿ ಇಟ್ಟು ಗಂಟೆ ಲೆಕ್ಕದಲ್ಲಿ ಆಡಿಸ್ತಿದ್ದವನು, ದಿನಾ ಇದೇ ಚರ್ಚೆ ಕೇಳ್ತಿದ್ದೆ.

2014ರ ಮಾರ್ಚ್‌ನಲ್ಲಿ ‘ಗ್ರೌಂಡ್ ಝೀರೋಸ್’ ಅಂತ ಮುನ್ನುಡಿ ಥರ ಒಂದು ಗೇಮ್ ಮಾರಿದ್ರು. ಕ್ಯೂಬಾದ ಒಂದು ಕ್ಯಾಂಪು, ಮುಖ್ಯ ಮಿಷನ್ ಎರಡು ಗಂಟೆಯೊಳಗೆ ಮುಗಿಯೋದು. ಆಗಲೂ ವಿಮರ್ಶಕರು ಹೇಳಿದ್ದು ಇದೇ ಧಾಟೀಲಿ: ಆಟ ಅದ್ಭುತ, ಆದ್ರೆ ಇಷ್ಟಕ್ಕೆ ಇಷ್ಟು ದುಡ್ಡಾ? 2015ರ ಮಾರ್ಚ್ ಹೊತ್ತಿಗೆ ಗೇಮ್ ನಿರ್ದೇಶಕ ಹಿಡಿಯೊ ಕೊಜಿಮಾಗೂ ಕೊನಾಮಿಗೂ ಎಣ್ಣೆ ಸೀಗೇಕಾಯಿ ಆಗಿದೆ ಅಂತ ಸುದ್ದಿ. ಪೋಸ್ಟರ್ ಮೇಲಿಂದ ಅವನ ಹೆಸರು ತೆಗೆದ್ರು. ಖರ್ಚು 8 ಕೋಟಿ ಡಾಲರ್ ದಾಟಿದೆ ಅಂತ ಜಪಾನಿನ ನಿಕ್ಕೇ ಪತ್ರಿಕೆ ಬರೀತು. ಅಂಥಾ ಹೊತ್ತಲ್ಲಿ ಗೇಮ್ ಬಂತು. ವಿಮರ್ಶಕರ ಕೈಗೆ ಬಂದಿದ್ದು ಬರೀ ಗೇಮಲ್ಲ, ಒಬ್ಬ ನಿರ್ದೇಶಕ 1987ರಿಂದ ನಡೆಸ್ಕೊಂಡು ಬಂದ ಸರಣಿಯ ಕೊನೇ ಕೆಲಸ. ಬೀಳ್ಕೊಡುಗೆ ಸಮಾರಂಭದಲ್ಲಿ ಯಾರಪ್ಪಾ ಎದ್ದು ನಿಂತು ದೂರು ಹೇಳ್ತಾರೆ?

ಹಾಗಂತ ಅಂಕ ದಾನ ಮಾಡಿದ್ರು ಅಂತಲ್ಲ. ಪಿಎಸ್4ನಲ್ಲಿ 1080ಪಿ, ಸೆಕೆಂಡಿಗೆ 60 ಫ್ರೇಮ್. ಪಿಸಿಯಲ್ಲಿ ಅಂತೂ ಹಳೇ ಕಾರ್ಡಿಗೂ ಬೆಣ್ಣೆಯಂಗೆ ಓಡ್ತಿತ್ತು. ಆ ವರ್ಷ ದೊಡ್ಡ ಗೇಮ್‌ಗಳು ಪಿಸಿಗೆ ಯಾವ ಸ್ಥಿತೀಲಿ ಬಂದ್ವು ಅಂತ ನೆನಪಿರೋರಿಗೆ ಇದರ ಬೆಲೆ ಗೊತ್ತು. ಒಂದೇ ತಮಾಷೆ, ಪಿಸಿ ಡಿಸ್ಕ್ ಒಳಗೆ ಗೇಮ್ ಡೌನ್‌ಲೋಡ್ ಮಾಡಿಸೋ ಸ್ಟೀಮ್ ಇನ್‌ಸ್ಟಾಲರ್ ಬಿಟ್ರೆ ಏನೂ ಇರಲಿಲ್ಲ. ನಮ್ಮೂರಿನ ಆಗಿನ ಇಂಟರ್ನೆಟ್‌ನಲ್ಲಿ ಡಿಸ್ಕ್ ಬೇಕು ಅನ್ನೋದೇ ಡೌನ್‌ಲೋಡ್ ತಪ್ಪಿಸ್ಕೊಳ್ಳೋಕೆ!

ಬೆಣ್ಣೆಖಾಲಿ · ದಾವಣಗೆರೆ

ಸೈಬರ್ ಅಣ್ಣ, ಬೀಳ್ಕೊಡುಗೆ ಮಾತು ಸರಿ ಇದೆ. ಆದ್ರೆ 10 ಕೊಟ್ಟ ಐಜಿಎನ್‌ನವರೇ ಕಥೆಯಲ್ಲಿ ಗಟ್ಟಿ ಇಲ್ಲ, ಥಟ್ಟಂತ ಮುಗಿಯುತ್ತೆ ಅಂತ ಅದೇ ವಿಮರ್ಶೆಯಲ್ಲಿ ಬರೆದಿದ್ರು. ಅಂದ್ರೆ ಕಂಡಿತ್ತು. ಕಂಡ ಮೇಲೂ ಅಂಕ ಕಮ್ಮಿ ಆಗ್ಲಿಲ್ಲ. ನನಗೆ ಕುತೂಹಲ ಇರೋದು ಅಲ್ಲೇ. ಕಥೆಗೇ ಹೆಸರಾದ ಸರಣಿ, ಹಿಂದಿನ ಗೇಮಲ್ಲಿ ಒಂದೊಂದು ದೃಶ್ಯ ಮುಗಿಯೋಷ್ಟರಲ್ಲಿ ಊಟ ಮಾಡ್ಕೊಂಡು ಬರಬಹುದಿತ್ತು. ಇಲ್ಲಿ ನಾಯಕನಿಗೆ ಕೀಫರ್ ಸದರ್‌ಲ್ಯಾಂಡ್ ದನಿ ತಂದು ಅವನ ಬಾಯಿಗೆ ಬೀಗ ಹಾಕಿದಾರೆ. ಆಡೋದೇ ಇಷ್ಟು ಚೆನ್ನಾಗಿದ್ರೆ ಕಥೆ ಯಾರಿಗೆ ಬೇಕು ಅನ್ನೋ ತೀರ್ಮಾನಕ್ಕೆ ವಿಮರ್ಶಕರೆಲ್ಲ ಒಟ್ಟಿಗೆ ಬಂದ್ರಾ?

ರಾತ್ರಿಪಾಳಿ · ದಾವಣಗೆರೆ

ಇಷ್ಟುದ್ದ ಚರ್ಚೆ ಆಯ್ತು, ಗೇಮ್‌ನಲ್ಲಿ ನಮ್ಮ ಜೊತೆ ಬರೋ ಸ್ನೈಪರ್ ಕ್ವಯಟ್ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಗಂಡುಮಕ್ಕಳು ಕೂತ ಕಟ್ಟೆ ಅಂದ್ರೆ ಇದೇನೇ.

ಆಡೋಕೆ ಅವಳಷ್ಟು ಒಳ್ಳೇ ಜೊತೆಗಾರ್ತಿ ಇಲ್ಲ. ಮುಂಚೆಯೇ ಹೋಗಿ ಠಾಣ್ಯ ಸರ್ವೆ ಮಾಡಿ ಬರ್ತಾಳೆ, ಮೇಲೆ ಎಲ್ಲೋ ಕೂತು ಗುನುಗ್ತಾ ಇರ್ತಾಳೆ, ನಾನು ಸಿಕ್ಕಿಬೀಳೋ ಹೊತ್ತಿಗೆ ಕಾವಲುಗಾರ ಬಿದ್ದಿರ್ತಾನೆ. ಸರಿ. ಅಂಥಾ ಸ್ನೈಪರ್‌ಗೆ ಮರುಭೂಮಿಯಲ್ಲಿ ಬಿಕಿನಿ ಯಾಕೆ? 2013ರಲ್ಲಿ ಜನ ಕೇಳಿದಾಗ ಕೊಜಿಮಾ, ನಿಜವಾದ ಕಾರಣ ಗೊತ್ತಾದ ದಿನ ನಿಮ್ಮ ಮಾತಿಗೆ ನೀವೇ ನಾಚಿಕೆಪಡ್ತೀರಿ ಅನ್ನೋ ಥರ ಟ್ವೀಟ್ ಮಾಡಿದ್ದ. ಎರಡು ವರ್ಷ ಕಾದ್ವಿ. ಕಾರಣ ಏನಪ್ಪಾ ಅಂದ್ರೆ ಅವಳು ಚರ್ಮದಿಂದ ಉಸಿರಾಡ್ತಾಳಂತೆ, ಬಟ್ಟೆ ಹಾಕಿದ್ರೆ ಉಸಿರು ಕಟ್ಟುತ್ತಂತೆ.

ಇದೇ ಸರಣಿಯ ಮೂರನೇ ಗೇಮ್‌ನಲ್ಲಿ ದಿ ಎಂಡ್ ಅಂತ ಒಬ್ಬ ಮುದುಕ ಸ್ನೈಪರ್ ಇದ್ದ. ಅವನ ಮೈಯಲ್ಲೂ ಬಿಸಿಲು ಕುಡಿಯೋ ಜೀವಿಗಳೇ. ಆ ತಾತ ಮೈತುಂಬಾ ಬಟ್ಟೆ ಹಾಕ್ಕೊಂಡೇ ಇದ್ದನಲ್ಲ? ಕಾರಣ ಬರೆದವನೂ ಅವನೇ, ಹೆಲಿಕಾಪ್ಟರ್ ಒಳಗೆ ಕ್ಯಾಮೆರಾ ಎಲ್ಲಿಡಬೇಕು ಅಂತ ತೀರ್ಮಾನ ಮಾಡಿದವನೂ ಅವನೇ. ನಾವ್ಯಾಕೆ ನಾಚಿಕೆಪಡಬೇಕು?

ಎಷ್ಟೋ ವಿಮರ್ಶೆಗಳಲ್ಲಿ ಇದಕ್ಕೆ ಒಂದು ಪ್ಯಾರಾ ಕೊಟ್ಟು, ಬೇಸರದ ಸಂಗತಿ ಅಂತ ಬರೆದು, ಕೆಳಗೆ 10 ಹಾಕಿ ಕೈ ತೊಳ್ಕೊಂಡ್ರು. ಹಾಲ್ ತುಂಬಾ ಅಣ್ಣತಮ್ಮಂದಿರು ಇರೋವಾಗ ಟಿವಿಯಲ್ಲಿ ಈ ಗೇಮ್ ಹಾಕಿ ನೋಡಿ, ಒಂದು ಪ್ಯಾರಾ ಸಾಕಾ ಅಂತ ಗೊತ್ತಾಗುತ್ತೆ.

ಮೆಕ್ಯಾನಿಕಲ್‌ಬ್ಯಾಕ್‌ಲಾಗ್ · ಹರಿಹರ

ಅಕ್ಕ ಅದು ಫ್ಯಾಂಟಸಿ ಗೇಮ್, ಬಲೂನ್ ಕಟ್ಟಿ ಟ್ಯಾಂಕ್ ಹಾರಸ್ತಾರ, ಅದನ್ನ ಯಾರೂ ಕೇಳಂಗಿಲ್ಲ 😅

ರಾತ್ರಿಪಾಳಿ · ದಾವಣಗೆರೆ

ಟ್ಯಾಂಕಿಗೆ ಬಿಕಿನಿ ಹಾಕಿದ್ರೆ ಅದನ್ನೂ ಕೇಳ್ತೀನಿ ತಮ್ಮಾ.

ಇನ್ನೊಂದು ಹೇಳ್ಬಿಡ್ತೀನಿ, ಅವಳು ಬಿಟ್ಟು ಹೋಗೋ 45ನೇ ಮಿಷನ್ ಇಡೀ ಗೇಮ್‌ನಲ್ಲಿ ಚೆನ್ನಾಗಿ ಬರೆದಿರೋ ಭಾಗಗಳಲ್ಲಿ ಒಂದು. ಮಾತಾಡಿದ್ರೆ ಸುತ್ತ ಇರೋರಿಗೆ ರೋಗ ಹತ್ತುತ್ತೆ ಅಂತ ಗೇಮ್ ಪೂರ್ತಿ ಬಾಯಿ ಮುಚ್ಕೊಂಡಿದ್ದವಳು, ಮರಳು ಬಿರುಗಾಳೀಲಿ ಹೆಲಿಕಾಪ್ಟರ್‌ಗೆ ದಾರಿ ಹೇಳೋಕೆ ಇಂಗ್ಲಿಷ್‌ನಲ್ಲಿ ಮಾತಾಡ್ತಾಳೆ, ಆಮೇಲೆ ಇಲ್ಲಿ ಇರೋಹಂಗಿಲ್ಲ ಅಂತ ಹೊರಟು ಹೋಗ್ತಾಳೆ. ಇಷ್ಟು ಬರೆಯೋಕೆ ಬರೋನು ಅಷ್ಟು ಕೀಳಾಗಿ ತೋರಿಸಿದಾನಲ್ಲ ಅಂತಲೇ ನನ್ನ ಸಿಟ್ಟು. ಬರೋದೇ ಇಲ್ಲ ಅಂದಿದ್ರೆ ಸಿಟ್ಟೂ ಬರ್ತಿರಲಿಲ್ಲ.

ಹಿರಿಯೂರುಗಾಳಿ · ಹಿರಿಯೂರು

ರಾತ್ರಿಪಾಳಿಯವರು ಹೇಳಿದ್ದರ ಬೆನ್ನಿಗೇ ಒಂದು ಮಾತು. ಈ ಗೇಮಿನ ಭಾಷೆಯ ಎಳೆ ಯಾರನ್ನೂ ಕಾಡಲಿಲ್ಲವಾ? ನನಗೆ ಮೊದಲ ಸಲ ಆಡಿದಾಗಿನಿಂದ ತಲೆಯಲ್ಲಿ ಕೂತಿರುವುದು ಅದೊಂದೇ.

ಶುರುವಿನಲ್ಲಿ ಸೋವಿಯತ್ ಸೈನಿಕನ ಕುತ್ತಿಗೆ ಹಿಡಿದು ಬಾಯಿ ಬಿಡಿಸಿದರೆ ಅವನು ಹೆದರಿ ರಷ್ಯನ್‌ನಲ್ಲಿ ಏನೋ ಬಡಬಡಿಸುತ್ತಾನೆ. ನಮ್ಮ ನಾಯಕನಿಗೆ ತಲೆಬುಡ ಗೊತ್ತಾಗುವುದಿಲ್ಲ. ರಷ್ಯನ್ ಬಲ್ಲ ದುಭಾಷಿಯೊಬ್ಬನನ್ನು ಎತ್ತಿಕೊಂಡು ಬಂದು ಬೇಸ್‌ನಲ್ಲಿ ಕೂರಿಸಿದ ಮೇಲಷ್ಟೇ ಅವನ ಮಾತು ಅರ್ಥವಾಗತೊಡಗುತ್ತದೆ. ಆಫ್ರಿಕಾಕ್ಕೆ ಹೋದರೆ ಮತ್ತೆ ಅದೇ ಪಾಡು: ಆಫ್ರಿಕಾನ್ಸ್, ಕಿಕೊಂಗೊ. ಅಫ್ಘಾನಿಸ್ತಾನದಲ್ಲಿ ಪಶ್ತೋಗೂ ಒಬ್ಬ ಬೇಕು. ಲೋಕದಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವ ಗೇಮ್‌ಗಳನ್ನೇ ಆಡಿ ಬೆಳೆದ ನನಗೆ ಇದು ದೊಡ್ಡ ಸಂಗತಿ ಅನ್ನಿಸಿತ್ತು.

ಇನ್ನು ಖಳನಾಯಕ ಸ್ಕಲ್ ಫೇಸ್. ಟ್ರಾನ್ಸಿಲ್ವೇನಿಯಾ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಆಳುವವರು ಬದಲಾದಂತೆಲ್ಲ ಬಾಯಿಗೆ ಹೊಸ ಭಾಷೆ ತುರುಕಿಸಿಕೊಂಡು ತಾಯಿನುಡಿ ಕಳೆದುಕೊಂಡವನು. ಗಂಟಲಲ್ಲಿ ಕೂತು, ಒಂದು ನಿರ್ದಿಷ್ಟ ಭಾಷೆ ಆಡಿದವರನ್ನು ಕೊಲ್ಲುವ ಪರಾವಲಂಬಿ ಜೀವಿಗಳನ್ನು ಸಾಕಿ, ಇಂಗ್ಲಿಷ್ ಆಡುವವರ ಬಾಯಿ ಮುಚ್ಚಿಸಬೇಕು ಅಂತ ಹೊರಟಿದ್ದಾನೆ. ಕಥೆ ಹುಚ್ಚೇ, ಒಪ್ಪಿದೆ. ನಮ್ಮ ಮೊಳಕಾಲ್ಮುರು, ಚಳ್ಳಕೆರೆ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಅಂತ ಬೆಳೆದ ಮಕ್ಕಳೆಷ್ಟೋ. ಅವರಿಗೆ ಈ ಖಳನಾಯಕನ ನೋವು ವಿಪರೀತ ಅನ್ನಿಸಬಹುದು, ಹೊಸದು ಅನ್ನಿಸುವುದಿಲ್ಲ.

ವಿಮರ್ಶೆಗಳಲ್ಲಿ ಇದರ ಬಗ್ಗೆ ಏನಿತ್ತು? ಹೆಚ್ಚಿನವರಿಗೆ ಜೀಪ್ ದೃಶ್ಯ ನಗೆಪಾಟಲಾಯಿತು. ನಿಜ, ಆ ದೃಶ್ಯ ಕೆಟ್ಟದಾಗಿದೆ. ಸ್ಕಲ್ ಫೇಸ್ ಜೀಪಿನಲ್ಲಿ ಎದುರಿಗೆ ಕೂತು ತನ್ನ ಪುರಾಣವನ್ನೆಲ್ಲ ಒಪ್ಪಿಸುತ್ತಾನೆ, ನಾಯಕ ತುಟಿ ಪಿಟಕ್ಕೆನ್ನುವುದಿಲ್ಲ, ಮಾತು ಮುಗಿದರೂ ದಾರಿ ಮುಗಿಯುವುದಿಲ್ಲ, ಹಿಂದೆ ಹಾಡು ಬೇರೆ. ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡು ಕೂತಿರುತ್ತಾರೆ. ಆದರೆ ಆ ವಿಚಾರದ ತಿರುಳು ಗೇಮಿನೊಳಗೆ ಕೇಳಲು ಸಿಗುವ ಕ್ಯಾಸೆಟ್‌ಗಳಲ್ಲಿದೆ. ಕೆಲವೇ ದಿನದಲ್ಲಿ ಗೇಮ್ ಮುಗಿಸಬೇಕಾದ ವಿಮರ್ಶಕ ಗಂಟೆಗಟ್ಟಲೆ ಕ್ಯಾಸೆಟ್ ಕೇಳಿಕೊಂಡು ಕೂರುತ್ತಾನಾ? ಬೆಣ್ಣೆಖಾಲಿಯವರ ತಕರಾರಿಗೆ ನನ್ನ ಬೆಂಬಲ ಇಲ್ಲಿ. ಅವಸರದ ವಿಮರ್ಶೆಯಿಂದ ಗೇಮಿಗೆ ಲಾಭವೂ ಆಯಿತು, ಅನ್ಯಾಯವೂ ಆಯಿತು.

ಹಳೇಸೈಬರ್ · ದಾವಣಗೆರೆ

ಮೇಷ್ಟ್ರು ಅನ್ಸುತ್ತೆ ನೀವು! ಚೆನ್ನಾಗಿ ಹೇಳಿದ್ರಿ. ಆದ್ರೆ ಕಥೆಯ ತಿರುಳನ್ನ ಕ್ಯಾಸೆಟ್‌ಗೆ ತಳ್ಳಿದ್ದೇ ಕೆಟ್ಟ ಬರವಣಿಗೆ ಅಂತ ಯಾರಾದ್ರೂ ಅಂದ್ರೆ ನಾನು ಅವರ ಕಡೆ.

ಬೆಣ್ಣೆಖಾಲಿ · ದಾವಣಗೆರೆ

ಈಗ ಎರಡನೇ ಅಧ್ಯಾಯಕ್ಕೆ ಬರೋಣ, ಅದಕ್ಕೇ ಅಲ್ವಾ ಈ ಥ್ರೆಡ್.

31ನೇ ಮಿಷನ್‌ನಲ್ಲಿ ಸಾಹೆಲಾಂಥ್ರೋಪಸ್ ಅನ್ನೋ ದೈತ್ಯ ಯಂತ್ರದ ಜೊತೆ ಕಾದಾಟ, ಸ್ಕಲ್ ಫೇಸ್ ಕಥೆ ಖತಂ. ಮುಂದೆ ಬರೋದರ ಟ್ರೈಲರ್ ಥರ ಒಂದು ತುಣುಕು ತೋರಿಸ್ತಾರೆ, ಮೈ ಜುಮ್ ಅನ್ನುತ್ತೆ. ಆಮೇಲೆ ಮಿಷನ್ ಪಟ್ಟಿ ತೆಗೆದು ನೋಡಿದ್ರೆ ಹಿಂದೆ ಆಡಿದ್ದೇ ಮಿಷನ್ನು, ಪಕ್ಕದಲ್ಲಿ ‘ಎಕ್ಸ್‌ಟ್ರೀಮ್’ ಅಂತ ಬಾಲ. ಇನ್ನೊಂದಕ್ಕೆ ‘ಸಬ್ಸಿಸ್ಟೆನ್ಸ್’, ಬರಿಗೈಲಿ ಹೋಗಬೇಕು. ಮತ್ತೊಂದಕ್ಕೆ ‘ಟೋಟಲ್ ಸ್ಟೆಲ್ತ್’, ಕಣ್ಣಿಗೆ ಬಿದ್ರೆ ಮುಗೀತು. ಒಟ್ಟು 50 ಮಿಷನ್ ಅನ್ನೋ ಲೆಕ್ಕದಲ್ಲಿ ಇವೂ ಸೇರಿವೆ. ಕಥೆ ಮುಂದಕ್ಕೆ ಹೋಗಬೇಕಂದ್ರೆ ಸೈಡ್ ಆಪ್ಸ್ ಅನ್ನೋ ಸಣ್ಣಪುಟ್ಟ ಕೆಲಸ ಆಡ್ತಾ ಇರಬೇಕು, ಯಾವತ್ತೋ ಒಂದು ದಿನ ಹಳದಿ ಗುರುತಿನ ಮಿಷನ್ ಪ್ರತ್ಯಕ್ಷ ಆಗುತ್ತೆ.

ಸಿಟ್ಟು ಬರೋದು ಯಾಕಂದ್ರೆ ಅದರ ಮಧ್ಯೆಯೇ 43ನೇ ಮಿಷನ್ ಇದೆ. ನಮ್ಮದೇ ಬೇಸ್‌ನ ಕ್ವಾರಂಟೈನ್ ಕಟ್ಟಡದಲ್ಲಿ ಸೋಂಕು ಮತ್ತೆ ಎದ್ದಿದೆ. ಒಳಗಿರೋರು ಹೊರಗೆ ಬಂದ್ರೆ ಊರೆಲ್ಲ ಹಾಳು. ಕನ್ನಡಕ ಹಾಕಿ ನೋಡಿದ್ರೆ ಯಾರ ಗಂಟಲಲ್ಲಿ ಹುಳ ಇದೆ ಅಂತ ಕಾಣುತ್ತೆ, ಗುಂಡು ಹೊಡೀಬೇಕು. ಮೇಲಿನ ಮಹಡಿಯಿಂದ ಶುರು. ಹೊಡೆದಾಗೊಮ್ಮೆ ಪರದೆ ಮೇಲೆ ಹೆಸರು ಬರುತ್ತೆ, ಇಂಥವನು ಸತ್ತ ಅಂತ. ಆ ಹೆಸರುಗಳೆಲ್ಲ ನನಗೆ ಗೊತ್ತು, ಒಬ್ಬೊಬ್ಬನನ್ನೂ ನಾನೇ ಬಲೂನ್ ಕಟ್ಟಿ ತಂದಿದ್ದು. ಒಂದು ಕೋಣೆಗೆ ಹೋದ್ರೆ ಎಲ್ಲರೂ ಎದ್ದು ಸೆಲ್ಯೂಟ್ ಹೊಡೆದು ನಿಂತಿದಾರೆ, ಕೈ ಇಳಿಸ್ತಿಲ್ಲ, ಓಡ್ತಿಲ್ಲ. ಕಂಟ್ರೋಲರ್ ನನ್ನ ಕೈಲಿದೆ, ಬಟನ್ ಒತ್ತೋವರೆಗೂ ಗೇಮ್ ಕಾಯುತ್ತೆ.

ಆಟವೇ ಕಥೆ ಆಗೋದು ಅಂದ್ರೆ ಇದು. ಇಡೀ ಗೇಮ್ ನಗಿಸಿದ ಬಲೂನ್ ಇಲ್ಲಿ ತಿರುಗಿ ಹೊಡೆಯುತ್ತೆ. ಇಂಥದ್ದು ಇನ್ನೊಂದು ಮೂರು ಇದ್ದಿದ್ರೆ ನಾನು ಈ ಥ್ರೆಡ್ ಹಾಕ್ತಾನೇ ಇರ್ಲಿಲ್ಲ. ಇದಾದ ಮೇಲೆ ಪಟ್ಟಿಯಲ್ಲಿ ಮುಂದಿನ ಸಾಲು ನೋಡಿದ್ರೆ ಮತ್ತೆ ಹಳೇ ಮಿಷನ್ನು, ಟೋಟಲ್ ಸ್ಟೆಲ್ತ್ ಬಾಲ.

ಮೆಕ್ಯಾನಿಕಲ್‌ಬ್ಯಾಕ್‌ಲಾಗ್ · ಹರಿಹರ

43 ಬಗ್ಗೆ ಎರಡು ಮಾತಿಲ್ಲ ಅಣ್ಣ. ನಾನು ಆ ಕೋಣ್ಯಾಗ ಸುಮ್ನ ನಿಂತಿದ್ದೆ, ಗೇಮ್ ಏನರ ಬ್ಯಾರೆ ದಾರಿ ಕೊಡ್ತದೇನೋ ಅಂತ. ಕೊಡಲಿಲ್ಲ.

ಆದ್ರ 46? ಅದೊಂದು ದಗಾ. ಶುರುವಿನ ಆಸ್ಪತ್ರಿ ದೃಶ್ಯನೇ ಮತ್ತ ಆಡಿಸಿ, ಕೊನಿಗೆ, ನೀನು ಕಥಿ ನಾಯಕ ಬಿಗ್ ಬಾಸ್ ಅಲ್ಲ, ಅವನ ಮುಖ ಹಚ್ಚಿದ ಬ್ಯಾರೆ ಮನುಷ್ಯ ಅಂತ ಹೇಳ್ತಾರ. ಅಷ್ಟೂ ದಿನ ಆಡಿದ್ದು ಯಾರ ಕಥಿ ಹಂಗಾದ್ರ?

ಕೋಟೆಕಿಂಡಿ · ಚಿತ್ರದುರ್ಗ

ಅದೇ ಅಲ್ವೇನಲೇ ಪಾಯಿಂಟು! ಗೇಮಿನ ಹೆಸರಿನ ಅರ್ಥಾನೇ ಇಲ್ಲದ ಕೈಯ ನೋವು ಅಂತ. ಕೈ ಹೋಗಿರುತ್ತೆ, ನೋವು ಉಳಿದಿರುತ್ತೆ. ಶುರುವಲ್ಲೇ ನಿನ್ನ ಹೆಸರು, ಹುಟ್ಟಿದ ದಿನ ಕೇಳ್ತಾನೆ, ಮುಖ ಮಾಡಿಸ್ತಾನೆ. ಬಿಗ್ ಬಾಸ್ ಆಗಿದ್ದು ನೀನು, ಆಡೋನು. ಸಣ್ಣ ಹುಡುಗ ಈಲೈ ಆ ದೈತ್ಯ ಯಂತ್ರ ಕದ್ದು ಹೋಗ್ತಾನೆ, ಆ ಕಥೆ ಮುಗಿಯಲ್ಲ. ಸೇಡು ತೀರಿದ್ರೂ ಸಮಾಧಾನ ಇಲ್ಲ. ಏನೋ ಕಮ್ಮಿ ಐತೆ ಅಂತ ನಿನಗೆ ಅನ್ನಿಸ್ತಲ್ಲ, ಅದು ಅನ್ನಿಸ್ಲಿ ಅಂತಾನೇ ಮಾಡಿರೋದು. ಇದನ್ನ ಆಗಲೇ ಎಷ್ಟೋ ಜನ ಬರೆದಿದಾರೆ.

ಹಳೇಸೈಬರ್ · ದಾವಣಗೆರೆ

ಕಿಂಡಿ, ನಿನ್ನ ವಾದ ಕೇಳೋಕೆ ಚೆಂದ. ಆದ್ರೆ ಸ್ಪೆಷಲ್ ಎಡಿಷನ್ ಜೊತೆ ಒಂದು ಬ್ಲೂ-ರೇ ಡಿಸ್ಕ್ ಕೊಟ್ಟಿದ್ರು. ಅದರಲ್ಲಿ 51ನೇ ಮಿಷನ್ನು, ‘ಕಿಂಗ್‌ಡಮ್ ಆಫ್ ದಿ ಫ್ಲೈಸ್’. ಈಲೈ ಕಥೆ ಎಲ್ಲಿ ಮುಗೀಬೇಕಿತ್ತೋ ಅದು, ಅರ್ಧ ಮಾಡಿದ ದೃಶ್ಯ, ಮಿಕ್ಕಿದ್ದು ರೇಖಾಚಿತ್ರ. ಬೇಕಂತಲೇ ಖಾಲಿ ಬಿಟ್ಟಿದ್ದು ಅನ್ನೋಕೆ ಆಗಲ್ಲ, ತುಂಬಿಸೋಕೆ ಹೊರಟಿದ್ರು, ಆಗಲಿಲ್ಲ. ಡಿಸ್ಕೇ ಸಾಕ್ಷಿ.

46 ಬೇಕಂತ ಮಾಡಿದ್ದು, ಒಪ್ಪಿದೆ. 51 ಇಲ್ಲದೇ ಇರೋದು ಬೇಕಂತ ಅಲ್ಲ. ಎರಡನ್ನೂ ಸೇರಿಸಿ ಕಲೆ ಅಂದ್ರೆ ನಾಳೆ ಕೆಲಸ ಅರ್ಧಕ್ಕೆ ಬಿಟ್ಟ ಗಾರೆಯವನೂ ಇದೇ ಹೇಳ್ತಾನೆ.

ಕೋಟೆಕಿಂಡಿ · ಚಿತ್ರದುರ್ಗ

ಗಾರೆಯವನು 43ನೇ ಮಿಷನ್ ಕಟ್ಟಲ್ಲ ಬಿಡಣ್ಣ.

ರಾತ್ರಿಪಾಳಿ · ದಾವಣಗೆರೆ

ವಿಮರ್ಶಕರು ನೋಡೋಕೇ ಆಗದೇ ಇದ್ದ ಇನ್ನೊಂದಿದೆ, ಎಫ್‌ಒಬಿ. ಸಮುದ್ರದಲ್ಲಿ ಇನ್ನೊಂದು ಬೇಸ್ ಕಟ್ಟು, ಬೇರೆ ಆಟಗಾರರು ಬಂದು ನಿನ್ನ ಜನರನ್ನ, ಸಾಮಾನನ್ನ ಕದೀಬಹುದು, ನೀನೂ ಅವರ ಹತ್ರ ಕದೀಬಹುದು. ಮೊದಲನೇದು ಫ್ರೀ, ಮುಂದಿನದ್ದಕ್ಕೆ ಎಂಬಿ ಕಾಯಿನ್, ಅಂದ್ರೆ ದುಡ್ಡು. ಬಿಡುಗಡೆ ಆದ ಸ್ವಲ್ಪ ದಿನಕ್ಕೇ ಕಳ್ಳತನದ ವಿರುದ್ಧ ಇನ್ಶೂರೆನ್ಸ್ ಅಂತ ತಂದ್ರು, ಅದಕ್ಕೂ ಕಾಯಿನ್! ಕಳ್ಳರನ್ನ ಒಳಗೆ ಬಿಟ್ಟವರೇ ವಿಮೆ ಮಾರೋಕೆ ನಿಂತ್ರು. ವಿಮರ್ಶೆ ಬರೆಯೋ ಹೊತ್ತಿಗೆ ಸರ್ವರ್ ತೆರೆದೇ ಇರಲಿಲ್ಲ, ಅಂಕದಲ್ಲಿ ಇದು ಸೇರೋಕೆ ಸಾಧ್ಯವೇ ಇಲ್ಲ.

ಹಿರಿಯೂರುಗಾಳಿ · ಹಿರಿಯೂರು

ಅದೇ ಎಫ್‌ಒಬಿಯಲ್ಲೇ ಇಡೀ ಗೇಮಿನ ಅತಿ ದೊಡ್ಡ ಯೋಚನೆಯೂ ಇದೆ ನೋಡಿ. ಆಟಗಾರರು ಅಣುಬಾಂಬ್ ಮಾಡಿಟ್ಟುಕೊಳ್ಳಬಹುದು. ಒಂದು ಕನ್ಸೋಲ್‌ನಲ್ಲಿ ಆಡುವ ಎಲ್ಲರ ಬಾಂಬೂ ನಾಶವಾಗಿ ಸೊನ್ನೆಗೆ ಬಂದರೆ ಮಾತ್ರ ಕಾಣುವ ಒಂದು ದೃಶ್ಯ ಅಡಗಿಸಿಟ್ಟಿದ್ದಾರೆ. ಬಿಡುಗಡೆಯಾಗಿ ಎಷ್ಟೋ ವರ್ಷದ ಮೇಲೆ, 2020ರಲ್ಲಿ ಪಿಎಸ್3ನ ಆಟಗಾರರು ಅದನ್ನು ಸಾಧಿಸಿದರು. ಬಿಡುಗಡೆಯ ವಾರದ ವಿಮರ್ಶೆ ಇದನ್ನು ಹೇಗೆ ಅಳೆಯುತ್ತದೆ?

ಹಳೇಸೈಬರ್ · ದಾವಣಗೆರೆ

ಬಹುಮಾನದ ಕಥೆನೂ ಹೇಳಿಬಿಡ್ತೀನಿ. 2015ರ ಡಿಸೆಂಬರ್‌ನ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ‘ವಿಚರ್ 3’ಗೆ ಹೋಯ್ತು. ಫ್ಯಾಂಟಮ್ ಪೇನ್‌ಗೆ ಆಕ್ಷನ್-ಅಡ್ವೆಂಚರ್, ಸಂಗೀತ ಎರಡು. ಕೊಜಿಮಾ ಬರೋಹಂಗಿಲ್ಲ ಅಂತ ಕೊನಾಮಿಯ ವಕೀಲರು ತಡೆದಿದಾರೆ ಅಂತ ನಿರೂಪಕ ಜೆಫ್ ಕೀಲಿ ವೇದಿಕೆ ಮೇಲೇ ಹೇಳಿದ, ಸಭೆ ಕೂಗಾಡ್ತು, ಸದರ್‌ಲ್ಯಾಂಡ್ ಬಂದು ಪ್ರಶಸ್ತಿ ಇಸ್ಕೊಂಡ. ಅದೇ ತಿಂಗಳು ಕೊಜಿಮಾ ಹೊರಗೆ ಬಂದು ಸ್ವಂತ ಕಂಪನಿ ಶುರು ಮಾಡಿದ. 60 ಲಕ್ಷ ಪ್ರತಿ ರವಾನೆ ಆಗಿತ್ತು ಅಷ್ಟೊತ್ತಿಗೆ. ದುಡ್ಡು ಬಂತು, ಹೆಸರು ಬಂತು, ಮಾಡಿದವನು ಮಾತ್ರ ಮನೆಯಲ್ಲಿ.

ಭದ್ರಾನಾಲೆ · ಹೊನ್ನಾಳಿ

ಎಲ್ಲಾ ಓದಿದೆ ಅಣ್ಣಂದಿರಾ, ಸ್ಪಾಯ್ಲರ್ ಆದ್ರೂ ಪರ್ವಾಗಿಲ್ಲ, ನನಗೆ ರಾತ್ರಿಗೆ ಎಲ್ಲಾ ಮರ್ತು ಹೋಗುತ್ತೆ. ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್. ಓಡುತ್ತಾ? ಗ್ರೌಂಡ್ ಝೀರೋಸ್ ಮೊದಲು ಆಡಬೇಕಾ?

ಹಳೇಸೈಬರ್ · ದಾವಣಗೆರೆ

ಕನಿಷ್ಠ ಅಂತ ಹಾಕಿರೋದು ಜಿಟಿಎಕ್ಸ್ 650 2 ಜಿಬಿ, 4 ಜಿಬಿ ರ‍್ಯಾಮ್, 28 ಜಿಬಿ ಜಾಗ. ನಿನ್ನ ಕಾರ್ಡ್ ಅದರ ಮಟ್ಟದ್ದಾಗಿದ್ರೆ ಸೆಟ್ಟಿಂಗ್ ಇಳಿಸ್ಕೊಂಡು ಆರಾಮಾಗಿ ಆಡು. ಗ್ರೌಂಡ್ ಝೀರೋಸ್ ಮೊದಲು ಆಡು, ಇಲ್ಲಾಂದ್ರೆ ಶುರುವಿನ ಆಸ್ಪತ್ರೆ ದೃಶ್ಯ ಯಾಕೆ ಅಂತಲೇ ಗೊತ್ತಾಗಲ್ಲ.

ಬೆಣ್ಣೆಖಾಲಿ · ದಾವಣಗೆರೆ

31ರವರೆಗೆ ಯಾವ ವಿಮರ್ಶೆನೂ ಓದಬೇಡ. ಆಮೇಲೆ ಬಾಲ ಇರೋ ಮಿಷನ್‌ಗಳನ್ನ ಬಿಟ್ಟು ಸೈಡ್ ಆಪ್ಸ್ ಆಡ್ಕೊಂಡು ಹೋಗು, ಹಳದಿ ಗುರುತು ಇರೋದನ್ನ ಬಿಡಬೇಡ. ಹಳೇ ಮಿಷನ್ ಮತ್ತೆ ಆಡದೇನೂ ಕೊನೆ ನೋಡಬಹುದು, ಇದನ್ನ ಗೇಮ್ ಬಾಯಿಬಿಟ್ಟು ಹೇಳಲ್ಲ.

ಕೋಟೆಕಿಂಡಿ · ಚಿತ್ರದುರ್ಗ

ತಲೆಗೇ ಹೊಡೀಬೇಡ. ಹೆಲ್ಮೆಟ್ ಹಾಕ್ಕಂತಾರೆ.

ರಾತ್ರಿಪಾಳಿ · ದಾವಣಗೆರೆ

ಅಫ್ಘಾನಿಸ್ತಾನದಲ್ಲಿ ಶುರುವಿನಲ್ಲೇ ಒಂದು ನಾಯಿಮರಿ ಕುಂಯ್‌ಗುಡ್ತಾ ಬರುತ್ತೆ, ಬಲೂನ್ ಕಟ್ಟಿ ಬೇಸ್‌ಗೆ ಕಳಿಸು, ದೊಡ್ಡದಾದ ಮೇಲೆ ಮೂಸಿ ಮೂಸಿ ಎಲ್ಲರನ್ನೂ ಹುಡುಕಿ ಕೊಡುತ್ತೆ. ಅದು ಬರೋವರೆಗೂ ಕುದುರೆ ಸಾಕು.

ಭದ್ರಾನಾಲೆ · ಹೊನ್ನಾಳಿ

ಥ್ಯಾಂಕ್ಸ್ ಅಕ್ಕ. ಡೌನ್‌ಲೋಡ್‌ಗೆ ಹಾಕಿದೀನಿ, 4 ಪರ್ಸೆಂಟ್ ಆಗಿದೆ. ಕರೆಂಟ್ ಹೋಗ್ದೇ ಇದ್ರೆ ನಾಳೆ ಬರ್ತೀನಿ.